ಸಾಣೆ ಹಿಡಿದ ಬುಗುರಿ

ತಗಡಿಗೆ ತೂತು ಹಾಕುವುದೂ ಒಂದು ವಿದ್ಯೆಯೇ ಎಂದು ಮೂಗು ಮುರಿಯುವವರು ಬೆಟಗೇರಿಗೆ ಬಂದು ನಿಜಲಿಂಗಪ್ಪನ ಅಂಗಡಿಯಲ್ಲಿ ಒಂದು ಗಳಿಗೆ ನಿಲ್ಲಬೇಕಾಗಿತ್ತು. ಮೊಳೆ ಇಟ್ಟು ಸುತ್ತಿಗೆಯಿಂದ ಬಡಿದರೆ ತೂತು ಯಾರ ಕೈಯಲ್ಲಾದರೂ ಬೀಳುತ್ತದೆ. ಆದರೆ ಮೋಟಾರಿನ ಸ್ವಿಚ್ಚು, ಕೆಂಪು ಹಸಿರು ದೀಪ, ಮೀಟರು ಎಲ್ಲ ಕೂಡುವ ಪ್ಯಾನಲ್ ಬೋರ್ಡಿನ ಬಾಗಿಲಿದೆಯಲ್ಲ, ಅದಕ್ಕೆ ತೂತು ಹಾಕಬೇಕೆಂದರೆ ಕಥೆಯೇ ಬೇರೆ. ತುಸು ದೊಡ್ಡದಾದರೆ ದೀಪ ಒಳಗೆ ಬಿದ್ದುಹೋಗುತ್ತದೆ, ತುಸು ಸಣ್ಣದಾದರೆ ಕೂಡುವುದೇ ಇಲ್ಲ, ಅಂಚಿನಲ್ಲಿ ಮುಳ್ಳು ಉಳಿದರೆ ವಾಯರು ಕೊಯ್ದು ಯಾರದೋ ಜೀವ ಹೋಗುತ್ತದೆ. ಲಕ್ಷ್ಮೇಶ್ವರದ ಹತ್ತಿ ಜಿನ್ನಿಂಗ್ ಮಿಲ್ಲಿನವರು, ಮುಂಡರಗಿಯ ಆಚೆ ಹೊಳೆದಂಡೆಗೆ ಪಂಪು ಕೂಡಿಸುವವರು, ಬೆಳ್ಳಟ್ಟಿಯ ಹಿಟ್ಟಿನ ಗಿರಣಿಯವರು, ಎಲ್ಲರೂ ನಿಜಲಿಂಗಪ್ಪನನ್ನೇ ಹುಡುಕಿಕೊಂಡು ಬರುತ್ತಿದ್ದರು. ಬಂದವರು ತೂತಿನೊಳಗೆ ಬೆರಳು ಹಾಕಿ ಸುತ್ತಲೂ ತಿರುಗಿಸಿ ನೋಡುವುದು ಆ ಕಡೆಯ ಚಾಳಿ. ನಿಜಲಿಂಗಪ್ಪನ ತೂತಿನಲ್ಲಿ ಒಬ್ಬರ ಬೆರಳೂ ಗೀರಿರಲಿಲ್ಲ.

ಆಗ ದೊಡ್ಡ ತೂತಿಗೆ ಇದ್ದ ದಾರಿ ಒಂದೇ. ತಗಡಿನ ಮೇಲೆ ವೃತ್ತ ಎಳೆಯಬೇಕು, ಅದರ ಒಳಗಂಚಿಗೆ ಸಾಲಾಗಿ ಸಣ್ಣ ಸಣ್ಣ ತೂತು ಕೊರೆಯಬೇಕು, ನಡುವಿನ ಬಿಲ್ಲೆಯನ್ನು ಉಳಿಯಿಂದ ಹೊಡೆದು ಕೆಡವಬೇಕು. ಆಮೇಲೆ ಉಳಿಯುವ ಹಲ್ಲು ಹಲ್ಲಾದ ಬಾಯಿಯನ್ನು ಅರದಿಂದ ಉಜ್ಜಿ ಉಜ್ಜಿ ದುಂಡಗೆ ಮಾಡಬೇಕು. ಉಜ್ಜುವುದಕ್ಕೆ ತಾಕತ್ತು ಬೇಡ, ಹಗುರವಾದ, ಅಲುಗದ ಕೈ ಬೇಕು. ಅಂಥ ಕೈ ನಿಜಲಿಂಗಪ್ಪನದಾಗಿತ್ತು.

ಎಂಬತ್ತೊಂದರ ಉಗಾದಿಯ ಸುಮಾರಿಗೆ ಆ ಕೈ ನಡುಗತೊಡಗಿತು.

ಮೊದಲು ಗೊತ್ತಾದದ್ದು ಹೆಂಡತಿ ಗದಿಗೆವ್ವನಿಗೆ. ಚಹಾದ ಕಪ್ಪು ಅವನ ಕೈಯಲ್ಲಿ ಬಸಿಯ ಮೇಲೆ ಕಿಣಿಕಿಣಿ ಎಂದಾಗ ಅವಳು ಮೊದಲ ದಿನ ನಕ್ಕಳು, ಮರುದಿನ ಸುಮ್ಮನಾದಳು, ಮೂರನೆಯ ದಿನ ಹುಬ್ಬಳ್ಳಿಗೆ ಹೋಗೋಣ ಎಂದು ಗಂಟುಬಿದ್ದಳು. ಹುಬ್ಬಳ್ಳಿಯ ಡಾಕ್ಟರರು ಅವನ ಕೈ ಚಾಚಿಸಿ ನೋಡಿ, ಕಣ್ಣಿನಲ್ಲಿ ಬ್ಯಾಟರಿ ಬಿಟ್ಟು ನೋಡಿ, "ಇದು ಕಡಿಮಿ ಆಗೂದಲ್ರಿ, ಹೆಚ್ಚಾಗೂದು. ಗುಳಿಗಿ ಬರದುಕೊಡ್ತೇನಿ. ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ" ಎಂದರು. ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎನ್ನುವುದಕ್ಕೆ ಡಾಕ್ಟರರಿಗೆ ಏನು ಹೋಗಬೇಕು!

ಬಸ್ಸಿನಲ್ಲಿ ಬರುವಾಗ ಗದಿಗೆವ್ವ, "ಉಳವಪ್ಪಗರ ಹೇಳ್ರಿ. ಅವನೇನು ಹೊರಗಿನವನ?" ಎಂದಳು.

"ಅವಗ ಹೇಳಿದ್ರ ನನ್ನ ಕುಂಡ್ರಿಸಿಬಿಡ್ತಾನ" ಎಂದ ನಿಜಲಿಂಗಪ್ಪ. "ನನಗ ಸಾವು ಬರಲಿ, ಕುರ್ಚಿ ಬ್ಯಾಡ."

ಉಳವಪ್ಪ ಅವನ ತಮ್ಮ. ಹೊಂಬಳದಲ್ಲಿ ಅಪ್ಪ ತೀರಿಕೊಂಡಾಗ ಚಡ್ಡಿ ಹಾಕುತ್ತಿದ್ದವನನ್ನು ಅಣ್ಣನೇ ಬೆಟಗೇರಿಗೆ ಕರೆತಂದು ಬೆಳೆಸಿದ್ದ. ತಗಡು ಮಡಿಸುವುದು, ವೆಲ್ಡಿಂಗು ಮಾಡುವುದು, ಬಣ್ಣ ಹೊಡೆಯುವುದು ಅವನ ಪಾಲಿನ ಕೆಲಸ. ಗಟ್ಟಿ ಆಳು, ಒರಟು ಕೈ. ಅರ ಹಿಡಿದರೆ ತೂತು ಹಲಸಿನ ಬೀಜದ ಆಕಾರಕ್ಕೆ ಬರುತ್ತಿತ್ತು. ಅದರ ಬಗ್ಗೆ ಅವನಿಗೆ ಬೇಸರವೂ ಇರಲಿಲ್ಲ, ಅಣ್ಣ ಇರುವಾಗ ತನಗೇಕೆ ಆ ಚಿಂತೆ?

ಇನ್ನು ಕುರ್ಚಿಯ ಮಾತು. ನಿಜಲಿಂಗಪ್ಪನಿಗೆ ಕೆಲಸ ಕಲಿಸಿದ ಉಸ್ತಾದನಿಗೆ ಮುಪ್ಪಿನಲ್ಲಿ ಕಣ್ಣು ಮಂಜಾದಾಗ ಶಿಷ್ಯರೆಲ್ಲ ಸೇರಿ ಅವನನ್ನು ಅಂಗಡಿಯ ಬಾಗಿಲಲ್ಲಿ ಒಂದು ಬೆತ್ತದ ಕುರ್ಚಿಯ ಮೇಲೆ ಕೂಡಿಸಿದ್ದರು. "ಸಾಕು ಉಸ್ತಾದ್, ನೀವು ಕುಂಡ್ರಿ" ಎಂದು ಕೈಹಿಡಿದು ಕೂಡಿಸಿದವನು ನಿಜಲಿಂಗಪ್ಪನೇ. ಬಂದವರ ಮೊದಲ ಸಲಾಮು ಉಸ್ತಾದನಿಗೆ, ಮೊದಲ ಚಹಾ ಉಸ್ತಾದನಿಗೆ. ಕೆಲಸದ ಮಾತು ಮಾತ್ರ ಅವನ ತಲೆಯ ಮೇಲಿಂದ ಹಾಯ್ದು ಒಳಗೆ ಹೋಗುತ್ತಿತ್ತು. ಉಸ್ತಾದ ಕೆಲವು ದಿನ ಕತ್ತು ತಿರುಗಿಸಿ ಒಳಗಿನ ಸದ್ದು ಕೇಳಿದ, ಆಮೇಲೆ ರಸ್ತೆ ನೋಡಿದ, ಮಳೆಗಾಲ ಮುಗಿಯುವುದರೊಳಗೆ ಹೋಗಿಬಿಟ್ಟ. ಅವನ ಹೆಂಡತಿ ಮೋತಿಬಿ ಆ ಕುರ್ಚಿಯನ್ನು ನಿಜಲಿಂಗಪ್ಪನಿಗೇ ಕಳಿಸಿದಳು. "ಮನಿಯಾಗ ನೋಡಾಕ ಆಗವಲ್ದು ಬೇಟಾ, ನಿನ್ನಲ್ಲೆ ಇರಲಿ" ಎಂದು ಹೇಳಿಕಳಿಸಿದ್ದಳು. ಅದು ಅಂಗಡಿಯ ಮೂಲೆಯಲ್ಲಿ ಬಣ್ಣದ ಡಬ್ಬಿಗಳನ್ನು ಹೊತ್ತು ನಿಂತಿತ್ತು. ನಿಜಲಿಂಗಪ್ಪ ಒಮ್ಮೆಯೂ ಅದರ ಮೇಲೆ ಕೂತವನಲ್ಲ, ದಣಿದರೆ ನೆಲದ ಮೇಲೆ ಕೂರುತ್ತಿದ್ದ.

ಆ ವರ್ಷ ಒಂದೆರಡು ಬೋರ್ಡು ಹೇಗೋ ತಿಣುಕಿ ಮುಗಿಸಿದ. ಹೀಗೆ ಎಷ್ಟು ದಿನ ಎಂದು ಎದೆ ಒಡೆದುಕೊಳ್ಳುತ್ತಿರುವಾಗ ಗದಗದ ನೂಲಿನ ಗಿರಣಿಯ ಇಲೆಕ್ಟ್ರಿಶಿಯನ್ ಮಾರ್ತಾಂಡರಾಯ ಬಂದ. ಪೂಜಾರಿಕೆಯ ಮನೆತನದವನು. ಅಪ್ಪನ ಕೈಯಲ್ಲಿ ಗಂಟೆ, ಮಗನ ಕೈಯಲ್ಲಿ ಟೆಸ್ಟರು ಎಂದು ಜನ ನಗುತ್ತಿದ್ದರೂ ಅವನು ಅದನ್ನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಮುಗಿದ ಬೋರ್ಡಿನ ಒಂದು ತೂತಿನಲ್ಲಿ ಬೆರಳಾಡಿಸಿ ತುಸು ತಡೆದ. ಮರುವಾರ ಅರಿವೆಯಲ್ಲಿ ಸುತ್ತಿದ ಒಂದು ಸಾಮಾನು ತಂದು ಕೊಟ್ಟ.

"ಹೊರದೇಶದಿಂದ ಮಷಿನ್ ಜೋಡಸ್ಲಿಕ್ಕೆ ಬಂದಾವ ಬಿಟ್ಟುಹೋಗ್ಯಾನ. ನಮ್ಮಲ್ಲೆ ಸುಮ್ಮನ ತುಕ್ಕು ಹಿಡಿಲಿಕ್ಕತ್ತದ. ನಿಮಗ ಉಪಯೋಗ ಆಗ್ತದ ನೋಡ್ರಿ" ಎಂದ.

ಬಿಚ್ಚಿ ನೋಡಿದರೆ ಮಕ್ಕಳಾಡುವ ಬುಗುರಿಯಂಥದೊಂದು ಡ್ರಿಲ್ಲಿನ ಬಿಟ್, ಮಷಿನ್ನಿಗೆ ಕಚ್ಚಿಸಿ ಕೊರೆಯುವ ಮೊನೆ. ತುದಿ ಚೂಪು, ಮೇಲೇರಿದಂತೆ ಸುತ್ತ ಮೆಟ್ಟಿಲು ಮೆಟ್ಟಿಲು, ಪ್ರತಿ ಮೆಟ್ಟಿಲೂ ಹಿಂದಿನದಕ್ಕಿಂತ ತುಸು ಅಗಲ, ಮೇಲಿನಿಂದ ತುದಿಯ ತನಕ ಒಂದು ಸೀಳು. ತೂತಿನ ಅಷ್ಟೂ ಅಳತೆ ಆ ಒಂದೇ ಬಿಟ್ಟಿನ ಮೈಮೇಲಿತ್ತು.

"ಒಂದು ಮಾತು ನೆನಪಿಡ್ರಿ ನಿಜಲಿಂಗಪ್ಪ" ಎಂದ ಮಾರ್ತಾಂಡರಾಯ. "ಇದನ್ನ ಸಾಣಿಗೆ ಒಯ್ಯಬ್ಯಾಡ್ರಿ. ಹೊರಗಿನ ಮೈ ಸವದ್ರ ಅಳತಿನೂ ಹೋತು, ಕೊರಿಯೂದೂ ಹೋತು. ಮೊಂಡ ಆದ್ರ ಈ ಸೀಳಿನ ಒಳಗಿನ ಸಪಾಟ ಮೈಗಷ್ಟ ಎಣ್ಣಿಕಲ್ಲು ತಿಕ್ಕ್ರಿ, ಸಾಕು. ಇಂಥಾದ್ದು ಮತ್ತೊಂದು ಮುಂಬಯಿಯೊಳಗ ಹುಡುಕಿದ್ರೂ ಸಿಗಂಗಿಲ್ಲ."

ಅಂದೇ ನಿಜಲಿಂಗಪ್ಪ ಹಿಂದಿನ ಕೋಣೆಯಲ್ಲಿ ಒಂದು ರದ್ದಿ ತಗಡಿನ ಮೇಲೆ ಅದನ್ನು ಇಟ್ಟು ನೋಡಿದ. ಭಾರವಾದ ಡ್ರಿಲ್ ಮಷಿನ್ನನ್ನು ಎರಡೂ ಕೈಯಲ್ಲಿ ಹಿಡಿದು ಎದೆ ಕೊಟ್ಟು ಒತ್ತಿದಾಗ ಕೈಯ ನಡುಕ ಆ ಭಾರದಲ್ಲೇ ಅಡಗಿಹೋಯಿತು. ಬುಗುರಿ ತಾನೇ ನಡು ಹುಡುಕಿಕೊಂಡು ಕೂತಿತು, ಒಂದೊಂದೇ ಮೆಟ್ಟಿಲು ಇಳಿದು ತೂತನ್ನು ಅಗಲಿಸುತ್ತ ಬಂತು, ಬೇಕಾದ ಮೆಟ್ಟಿಲು ಮುಗಿದು ಮುಂದಿನದು ತುಸು ತಾಗಿದ್ದೇ ಅಂಚಿನ ಮುಳ್ಳನ್ನೂ ಸವರಿ ತೆಗೆಯಿತು. ಮಷಿನ್ ನಿಲ್ಲಿಸಿ ತೂತಿನಲ್ಲಿ ಬೆರಳು ಹಾಕಿ ತಿರುಗಿಸಿದ. ನುಣ್ಣಗಿತ್ತು, ಅವನ ಹಳೆಯ ಕೈಯ ತೂತಿನಷ್ಟೇ ನುಣ್ಣಗಿತ್ತು. ಬೆರಳನ್ನು ಅಲ್ಲೇ ಇಟ್ಟುಕೊಂಡು ಗದಿಗೆವ್ವನ ಎದುರು ಗಳಗಳನೆ ಅತ್ತುಬಿಟ್ಟ.

ಅಲ್ಲಿಂದ ಮುಂದೆ ಎರಡು ವರ್ಷ ಗಂಡಹೆಂಡತಿ ಸೇರಿ ನಾಟಕ ಹೂಡಿದರು. ಧೂಳು ಬರುತ್ತದೆ ಎಂದು ಹಿಂದಿನ ಕೋಣೆಯ ಬಾಗಿಲು ಮುಚ್ಚಿಕೊಳ್ಳುವುದು. ಗೆರೆ ಎಳೆಯುವಾಗ ಗದಿಗೆವ್ವ ಅಳತೆಪಟ್ಟಿ ಒತ್ತಿ ಹಿಡಿಯುವುದು. ಅವನ ಚಹಾ, ಊಟ ಯಾರ ಕಣ್ಣಿಗೂ ಬೀಳದಂತೆ ಒಳಗೇ ಮುಗಿಸುವುದು. ಬುಗುರಿಯಿಂದ ತೂತು ಹಾಕಿ, ಅದನ್ನು ಅಂಗಿಯ ಜೇಬಿಗೆ ಇಳಿಸಿ, ಹಳೆಯ ಅರವನ್ನು ಎಲ್ಲರಿಗೂ ಕಾಣುವಂತೆ ಬೋರ್ಡಿನ ಮೇಲೆ ಇಟ್ಟು ಹೊರಬರುವುದು. ಒಮ್ಮೆ ಉಳವಪ್ಪ ಬುಗುರಿಯನ್ನು ನೋಡಿ, "ಇದೇನಣ್ಣಾ?" ಎಂದಿದ್ದ. "ತೂತಿನ ಬಾಯಿ ಬಿಡಸೂದಕ್ಕ ಒಂದು ಬಿಟ್" ಎಂದು ನಿಜಲಿಂಗಪ್ಪ ಹಾರಿಸಿಬಿಟ್ಟಿದ್ದ. ಸಾಣೆಯ ಮಾತನ್ನು ಆಗಲೇ ಒಂದು ಸಲ ಹೇಳಿದ್ದರೆ? ಹೇಳಿದರೆ ಅದೇಕೆ ಅಷ್ಟು ಮುಖ್ಯ ಎಂದು ಅವನು ಕೇಳುತ್ತಿದ್ದ. ಹೇಳಲಿಲ್ಲ. ಗದಿಗೆವ್ವನಿಗೂ ಹೇಳಲಿಲ್ಲ, ಬಿಟ್ಟಿನ ವಿಷಯ ಅವಳಿಗೇಕೆ ಎಂದುಕೊಂಡ. ಉಳವಪ್ಪನಾದರೋ ಊರೆಲ್ಲ ಡಂಗುರ ಸಾರುತ್ತಿದ್ದ, "ನಮ್ಮಣ್ಣನ ಅರದ ಕೈ ನೋಡ್ರಿ, ಇನ್ನೂ ಹಂಗ ಐತಿ!"

ಎಂಬತ್ತಮೂರರ ದಸರೆ ಬಂತು. ಲಕ್ಷ್ಮೇಶ್ವರದ ಸಕ್ರಪ್ಪ ಹೊಸ ಜಿನ್ನಿಂಗ್ ಮಿಲ್ಲು ಕಟ್ಟಿಸಿ ಆಳೆತ್ತರದ ಬೋರ್ಡು ಮಾಡಲು ಹೇಳಿದ್ದ. ಬನ್ನಿಯ ದಿನ ಹೊಸ ಕೆಲಸಕ್ಕೆ ಕೈಹಚ್ಚುವುದು ಆ ಕಡೆಯ ಪದ್ಧತಿ. "ಮೊದಲನೇ ತೂತು ಅವತ್ತ ನನ್ನ ಮುಂದ ನಿಮ್ಮ ಕೈಲೆ ಬೀಳಬೇಕ್ರಿ ನಿಜಲಿಂಗಪ್ಪನವರ, ಆಮ್ಯಾಲ ಯಾವಾಗರ ಮುಗಸ್ರಿ" ಎಂದಿದ್ದ. ನಿಜಲಿಂಗಪ್ಪ ಒಪ್ಪಿದ. ಬುಗುರಿ ಇರುವಾಗ ಅವನಿಗೆ ಅಂಜಿಕೆ ಇರಲಿಲ್ಲ. ಡ್ರಿಲ್ಲಿನ ಅಬ್ಬರದಲ್ಲಿ ಯಾರು ಏನು ಕಂಡಾರು?

ಬನ್ನಿಯ ಹಿಂದಿನ ದಿನ ಖಂಡೇಪೂಜೆ. ಹೊಂಬಳದಲ್ಲಿ ಕುಡಗೋಲು, ಕುಂಟೆಯ ಕುಡಗಳನ್ನಿಟ್ಟು ಪೂಜೆ ಮಾಡುತ್ತಿದ್ದ ಆ ಮನೆತನಕ್ಕೆ ಎರಡು ಕಟ್ಟುಪಾಡು. ಮೊಂಡಾದ ಆಯುಧವನ್ನು ದೇವಿಯ ಮುಂದೆ ಇಡಬಾರದು, ಕೊಯ್ಯುವ ಕೊರೆಯುವ ಒಂದನ್ನೂ ಪೂಜೆಯಿಂದ ಬಿಡಬಾರದು. ಸುಗ್ಗಿಯ ಕುಡಗೋಲಿಗೆ ಇದ್ದ ನಿಯಮ ಬೆಟಗೇರಿಯ ಉಳಿ, ಬಿಟ್‌ಗಳಿಗೂ ಬಂದಿತ್ತು. ಪೂಜೆಯ ಹಿಂದಿನ ಸಂಜೆ ಎಲ್ಲಕ್ಕೂ ಸಾಣೆ ಹಿಡಿಯುವುದು ಉಳವಪ್ಪನ ಪಾಲಿನ ಸೇವೆ. ಆ ಹೊತ್ತಿಗೆ ನಿಜಲಿಂಗಪ್ಪ ಅಕ್ಕ ಅಮೃತವ್ವನನ್ನು ಹಬ್ಬಕ್ಕೆ ಕರೆತರಲು ಹೊಂಬಳಕ್ಕೆ ಹೋಗಿದ್ದ. ಹೊಸ ಅಂಗಿ ಹಾಕಿಕೊಂಡು ಹೋದದ್ದರಿಂದ ಕೆಲಸದ ಅಂಗಿ ಗೂಟದ ಮೇಲಿತ್ತು, ಬುಗುರಿ ಅದರ ಜೇಬಿನಲ್ಲಿತ್ತು.

ಅವನಿಗೆ ಇದು ತಿಳಿದದ್ದು ತಡವಾಗಿ. ನಮಗೆ ಈಗಲೇ ತಿಳಿದಿರಲಿ. ಒಗೆಯಲು ಅಂಗಿ ತೆಗೆದ ಗದಿಗೆವ್ವನ ಕೈಗೆ ಬುಗುರಿ ಸಿಕ್ಕಿತು. ಎಲ್ಲವೂ ಪೂಜೆಗೆ ಹೋಗಿ ಇದೊಂದು ಹೊರಗುಳಿದರೆ? ತನ್ನ ಗಂಡನ ಮಾನ ಕಾದ ಸಾಮಾನು, ದೇವಿಯ ಕಣ್ಣು ಮೊದಲು ಇದರ ಮೇಲೆ ಬೀಳಬೇಕಲ್ಲವೇ? ಕಣ್ಣಿಗೊತ್ತಿಕೊಂಡು ಉಳವಪ್ಪನ ಕಡೆ ಒಯ್ದಳು.

"ಇದೊಂದು ಉಳದಿತ್ತು ನೋಡಪಾ. ನಿಮ್ಮಣ್ಣಾರಿಗೆ ಇದರ ಮ್ಯಾಲ ಭಾಳ ಜೀವ. ಚಂದಂಗ ಹಿಡಿ."

ಅಣ್ಣನಿಗೆ ಜೀವ ಎಂದ ಮೇಲೆ ಕೇಳಬೇಕೆ? ಉಳವಪ್ಪ ತಿರುಗುವ ಸಾಣೆಗೆ ಅದರ ಒಂದೊಂದು ಮೆಟ್ಟಿಲನ್ನೂ ಕೊಟ್ಟು, ನೀರಿನಲ್ಲಿ ಅದ್ದಿ, ಮತ್ತೆ ಕೊಟ್ಟು, ಕನ್ನಡಿಯ ಹಾಗೆ ಹೊಳೆಯುವ ತನಕ ಬಿಡಲಿಲ್ಲ. ಉಳಿದ ಯಾವ ಆಯುಧಕ್ಕೂ ಅವನು ಅಷ್ಟು ಹೊತ್ತು ಕೊಟ್ಟಿರಲಿಲ್ಲ. ಇವರಲ್ಲಿ ಯಾರನ್ನು ಬೈಯೋಣ ಹೇಳಿ.

ಪೂಜೆಯ ದಿನ ಎಲ್ಲ ಸಾಮಾನು ಚಾಪೆಯ ಮೇಲೆ ಸಾಲಾಗಿ ಕೂತಿದ್ದವು. ವಿಭೂತಿ, ಕುಂಕುಮ, ಚೆಂಡುಹೂವು. ಕಾಯಿ ಒಡೆಯಲು ಬಗ್ಗಿದ ನಿಜಲಿಂಗಪ್ಪನಿಗೆ ಹೂವಿನ ನಡುವೆ ಏನೋ ಥಳಕ್ಕೆಂದಿತು. ನೋಡಿದರೆ ಬುಗುರಿ. ಅದು ಎಂದೂ ಹಾಗೆ ಹೊಳೆಯುತ್ತಿರಲಿಲ್ಲ. ಕೈ ತಾನಾಗಿ ಅದರತ್ತ ಹೋಯಿತು.

"ಕೈ ಹಚ್ಚಬ್ಯಾಡೋ!" ಅಮೃತವ್ವ ಗದರಿದಳು. "ಪೂಜಿಗೆ ಕುಂತಾವು. ನಾಳಿ ಬನ್ನಿ ಮುಡದು ಬರೂತನಕ ಅಲಗಸಬಾರದು. ಹೊಂಬಳದ ಪದ್ಧತಿ ಮರತೀಯೇನು?"

ಕೈ ಹಿಂದೆ ಬಂತು. ಉಳವಪ್ಪ ಪಕ್ಕದಲ್ಲೇ ನಿಂತು ಹೆಮ್ಮೆಯಿಂದ ನಗುತ್ತಿದ್ದ, ಅವನೆದುರು ಏನು ಕೇಳುವುದು? ಹುಣಸೆಹಣ್ಣು ಬೂದಿ ಹಾಕಿ ತಿಕ್ಕಿರಬೇಕು, ಅದಕ್ಕೇ ಹೊಳೆಯುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ಇಡೀ ದಿನ ಹಾಗೆಯೇ ಹೇಳಿಕೊಳ್ಳುತ್ತ ಆ ಚಾಪೆಯ ಸುತ್ತಲೇ ಸುಳಿದ.

ಮರುದಿನ ಬನ್ನಿ ಮುಡಿದು ಬಂದರು. ಎಲೆ ಕೊಟ್ಟು ತೆಗೆದುಕೊಂಡು, "ನಾವು ನೀವು ಬಂಗಾರದಂಗ ಇರೋಣು" ಎಂದು ಒಬ್ಬರ ಕಾಲು ಒಬ್ಬರು ಮುಟ್ಟಿದರು. ಸಕ್ರಪ್ಪ ಜೀಪಿನಲ್ಲಿ ಬೀಗರನ್ನೂ ಕರೆದುಕೊಂಡು ಬಂದಿದ್ದ. ಓಣಿಯ ನಾಲ್ಕು ಜನ ಬಾಗಿಲಲ್ಲಿ ಸೇರಿದರು. ಕೆಂಪು ಪ್ರೈಮರ್ ಹೊಡೆದ ಬೋರ್ಡಿನ ಬಾಗಿಲಿಗೆ ಉಳವಪ್ಪ ಹೂವಿನ ಮಾಲೆ ಹಾಕಿ ನಿಲ್ಲಿಸಿದ್ದ.

ನಿಜಲಿಂಗಪ್ಪ ಚಾಪೆಯ ಮೇಲಿಂದ ಬುಗುರಿಯನ್ನು ಎತ್ತಿ ಅದರ ಕುಂಕುಮ ಒರೆಸಿದ. ಮೆಟ್ಟಿಲುಗಳ ಅಂಚೆಲ್ಲ ದುಂಡಗಾಗಿ ಸವೆದಿತ್ತು. ಹೆಬ್ಬೆರಳು ಆಡಿಸಿದರೆ ಎಲ್ಲಿಯೂ ತಾಗುತ್ತಿರಲಿಲ್ಲ. ತಿಳಿಯುವುದಕ್ಕೆ ಇನ್ನೇನೂ ಉಳಿದಿರಲಿಲ್ಲ.

ಬಿಟ್ ಕೆಟ್ಟಿದೆ ಎನ್ನಬಹುದಿತ್ತು. ಅಂದರೆ ಅರ ತಗೋ ಎನ್ನುತ್ತಿದ್ದರು. ಎರಡೂ ದಾರಿ ಒಂದೇ ಕಡೆ ಹೋಗುತ್ತಿದ್ದವು. ತುದಿಯಾದರೂ ಹೊಕ್ಕು ಕೊರೆದೀತು ಎಂಬ ಒಂದು ಎಳೆ ಆಸೆ ಹಿಡಿದು, ಅದನ್ನು ಮಷಿನ್ನಿಗೆ ಕಚ್ಚಿಸಿ, ಎದೆ ಕೊಟ್ಟು ಒತ್ತಿದ.

ಬುಗುರಿ ಕೊರೆಯಲಿಲ್ಲ, ಉಜ್ಜಿತು. ಕಿವಿ ಹರಿಯುವಂತೆ ಕಿರುಚಿತು. ಬಣ್ಣ ಸುಟ್ಟು ಹೊಗೆ ಎದ್ದಿತು. ಇನ್ನೂ ಒತ್ತಿದ. ಅದು ತಗಡಿಗೆ ಕಚ್ಚಿಕೊಂಡು ಮಷಿನ್ನನ್ನೇ ಅವನ ಕೈಯಿಂದ ತಿರುವಿ ಕಸಿದುಕೊಂಡಿತು. ಉಳವಪ್ಪ ಓಡಿ ಬಂದು ಸ್ವಿಚ್ ಆರಿಸಿದ. ಬೋರ್ಡಿನ ಮೇಲೆ ಮೂರು ಮೂಲೆಯ, ಸುತ್ತಲೂ ಹರಿದ ಒಂದು ಬಾಯಿ ಉಳಿಯಿತು.

"ಹೋಗ್ಲಿ ಬಿಡಣ್ಣಾ!" ಎಂದ ಉಳವಪ್ಪ, ಏನೂ ಆಗಿಲ್ಲ ಎಂಬಂತೆ ನಕ್ಕು. "ಆ ಆಟಿಗಿ ಸಾಮಾನು ನಿನಗ್ಯಾಕ? ತಗೋ, ಅರ ತಗೋ. ಸಕ್ರಪ್ಪನವರು ನಿನ್ನ ಅರದ ಕೈ ನೋಡಾಕನ ಬಂದಾರ." ಹಣೆಗೆ ಕುಂಕುಮ ಹಚ್ಚಿಸಿಕೊಂಡಿದ್ದ ಹಳೆಯ ಅರವನ್ನು ಎರಡೂ ಕೈಯಲ್ಲಿ ಎತ್ತಿ ಮುಂದೆ ಹಿಡಿದ.

"ಅವರಿಗೆ ಇವತ್ತ ಮೈಯಾಗ ಆರಾಮ ಇಲ್ಲ, ನಾಳಿ ಮಾಡ್ತಾರ" ಎಂದು ಗದಿಗೆವ್ವ ಒಳಬಾಗಿಲಿನಿಂದ ಅವಸರವಾಗಿ ಅಂದಳು.

ಆ ಮಾತಿಗೆ ಜೋತುಬೀಳಬಹುದಿತ್ತು. ಆದರೆ ನಾಳೆ ಎಂಬುದು ಯಾವ ಸುಖಕ್ಕೆ? ನಾಳೆಗೂ ಇದೇ ಕೈ. ನಿಜಲಿಂಗಪ್ಪ ಅರ ತೆಗೆದುಕೊಂಡ. ಮೂವತ್ತು ವರ್ಷ ಹಿಡಿದ ಹಿಡಿಕೆ ಕೈಯಲ್ಲಿ ತನ್ನ ಜಾಗ ಹುಡುಕಿ ಕೂತಿತು. ಅವ್ವಾ, ಇದೊಂದು ಸಲ ಎಂದು ದೇವಿಯನ್ನು ಒಳಗೇ ಬೇಡಿಕೊಂಡು ಅರವನ್ನು ತೂತಿನ ಅಂಚಿಗೆ ಇಟ್ಟ.

ಇಟ್ಟ ಕೂಡಲೇ ಅದು ತಗಡಿನ ಮೇಲೆ ಟರಟರ ಎಂದು ಬಡಿಯತೊಡಗಿತು. ಇನ್ನೂ ಉಜ್ಜಿರಲೇ ಇಲ್ಲ, ಬರೀ ಇಟ್ಟಿದ್ದ. ನಿಂತವರೆಲ್ಲರಿಗೂ ಆ ಸದ್ದು ಕೇಳಿತು. ತಡೆಯಲು ಹೋಗಿ ಬಿಗಿಹಿಡಿದ, ಬಿಗಿಹಿಡಿದಷ್ಟೂ ಹೆಚ್ಚಾಯಿತು. ಅರ ಅಂಚು ಬಿಟ್ಟು ಹಾರಿ, ಕೆಂಪು ಬಣ್ಣದ ಮೇಲಿಂದ ಕೆಳತನಕ ಬೆಳ್ಳಗೆ ಗೀರಿಕೊಂಡು ಹೋಯಿತು.

ಸಕ್ರಪ್ಪ ಒಳ್ಳೆಯ ಮನುಷ್ಯ, ಮುಖ ತಿರುಗಿಸಿ ಗೋಡೆಯ ಕ್ಯಾಲೆಂಡರು ನೋಡುತ್ತ, "ಈ ಸಲ ಬನ್ನಿಗೆ ಬಿಸಲು ಭಾಳ ಆತ್ರಿ" ಎಂದ. ಬೈದಿದ್ದರೆ ನಿಜಲಿಂಗಪ್ಪನಿಗೆ ಅಷ್ಟು ನೋಯುತ್ತಿರಲಿಲ್ಲ.

ಉಳವಪ್ಪ ಮಾತ್ರ ಅಣ್ಣನ ಕೈಯನ್ನೇ ನೋಡುತ್ತಿದ್ದ. ಎರಡು ವರ್ಷ ಒಂದೇ ಸೂರಿನಡಿ ಇದ್ದು ಈಗ ಮೊದಲ ಸಲ ನೋಡುತ್ತಿದ್ದ. ಮೆಲ್ಲಗೆ ಅರವನ್ನು ಬಿಡಿಸಿಕೊಂಡ. ಮೂಲೆಗೆ ಹೋಗಿ ಕುರ್ಚಿಯ ಮೇಲಿನ ಬಣ್ಣದ ಡಬ್ಬಿಗಳನ್ನು ಒಂದೊಂದಾಗಿ ಇಳಿಸಿ, ಹೆಗಲ ಮೇಲಿನ ಟವೆಲಿನಿಂದ ಬೆತ್ತದ ಮೇಲಿನ ಧೂಳು ಒರೆಸಿ, ಅದನ್ನು ತಂದು ಗಾಳಿ ಬರುವ ಕಡೆ ಬಾಗಿಲಲ್ಲಿ ಹಾಕಿದ.

"ಅಣ್ಣಾ" ಎಂದ. "ಸಾಕಣ್ಣಾ. ನೀ ಕುಂಡ್ರು."

ನಿಜಲಿಂಗಪ್ಪ ಕೂತ.

ಆಮೇಲೆ ಉಳವಪ್ಪ ನೆಲದ ಮೇಲೆ ಬಿದ್ದಿದ್ದ ಬುಗುರಿಯನ್ನು ಎತ್ತಿಕೊಂಡ. ಅದು ಕಾಯ್ದು ನೀಲಿಗಟ್ಟಿತ್ತು. ತಿರುಗಿಸಿ ತಿರುಗಿಸಿ ನೋಡಿದ. ಮುಚ್ಚಿದ ಬಾಗಿಲು, ಬೋರ್ಡಿನ ಮೇಲೆ ಎದ್ದು ಕಾಣುವಂತೆ ಇಟ್ಟಿರುತ್ತಿದ್ದ ಅರ, ಎಲ್ಲವೂ ಅವನ ತಲೆಯಲ್ಲಿ ಒಂದೊಂದಾಗಿ ಬರುತ್ತಿರುವುದು ಮುಖದ ಮೇಲೆ ಕಾಣುತ್ತಿತ್ತು. ಕುರ್ಚಿಯ ಹತ್ತಿರ ಬಂದು ಕುಕ್ಕರಗಾಲಿನಲ್ಲಿ ಕೂತ.

"ಅಣ್ಣಾ, ಇದನ್ನ ಸಾಣಿಗೆ ಹಿಡದಾವ ನಾನ. ನಾ ಏನರ ಕೆಡಿಸಿದ್ನೇನು?"

ಒಳಬಾಗಿಲಲ್ಲಿ ಗದಿಗೆವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಅವಳಿಗೂ ಈಗ ತಿಳಿದಿತ್ತು. ನಿಜಲಿಂಗಪ್ಪ ಅವಳನ್ನು ನೋಡಿದ, ತಮ್ಮನನ್ನು ನೋಡಿದ.

"ಇಲ್ಲೋ" ಎಂದ. "ಚಲೋ ಹಿಡದೀ."

ಉಳವಪ್ಪ ನಂಬಿದನೋ ಇಲ್ಲವೋ. ಎದ್ದು ಒಳಗೆ ಹೋದ. ಸಕ್ರಪ್ಪ ಅವನ ಹಿಂದೆ ಹೋಗಿ, ಮೀಟರು ಎಲ್ಲಿ ಬರಬೇಕು, ಸ್ವಿಚ್ಚು ಎಲ್ಲಿ ಬರಬೇಕು ಎಂದು ತಗಡಿನ ಮೇಲೆ ಬೆರಳಿಟ್ಟು ಹೇಳತೊಡಗಿದ. "ಹೆಂಗರ ಆಗಲಿ, ನೀವ ಮಾಡ್ರಿ ಉಳವಪ್ಪ" ಎಂಬುದೂ ಕೇಳಿಸಿತು. ಸ್ವಲ್ಪ ಹೊತ್ತಿಗೆ ಅರದ ಸದ್ದು ಶುರುವಾಯಿತು. ಅರವನ್ನು ಓರೆ ಹಿಡಿದಿದ್ದಾನೆ, ಬಲ ಹೆಚ್ಚು ಹಾಕುತ್ತಿದ್ದಾನೆ, ತೂತು ಮೇಲ್ಗಡೆ ಉದ್ದವಾಗುತ್ತದೆ ಎಂದು ನಿಜಲಿಂಗಪ್ಪನಿಗೆ ಸದ್ದಿನಲ್ಲೇ ಗೊತ್ತಾಯಿತು. ಹೇಳಲೆಂದು ಕತ್ತು ತಿರುಗಿಸಿದ. ಎಲ್ಲರ ಬೆನ್ನು ಅವನ ಕಡೆಗಿತ್ತು.

ಚಹಾ ಬಂತು. ಗದಿಗೆವ್ವ ಮೊದಲು ಅವನಿಗೇ ಕೊಟ್ಟಳು. ಉಳಿದವರಿಗೆಲ್ಲ ಕಪ್ಪು ಬಸಿ. ಅವನಿಗೆ ಸ್ಟೀಲಿನ ಲೋಟ, ಅದರಲ್ಲಿ ಚೆಲ್ಲದಂತೆ ಅರ್ಧವೇ ಚಹಾ. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದು, ರಸ್ತೆ ನೋಡುತ್ತ ಕುಡಿದ.